ಪ್ರಿಂಟರ್ ಒಂದು, ಕಂಪ್ಯೂಟರ್ ಮೂರು ಬಗೆ: ಮೊದಲು ಡ್ರೈವರ್ ಹುಡುಕೋದು ನಿಲ್ಲಿಸಿ

ಪ್ರಶ್ನೆ: ಮನೆಯಲ್ಲಿ ವೈ-ಫೈ ಇರುವ ಲೇಸರ್ ಪ್ರಿಂಟರ್ ಇದೆ. ನನ್ನ ವಿಂಡೋಸ್ 11 ಲ್ಯಾಪ್‌ಟಾಪಿನಿಂದ ಪ್ರಿಂಟ್ ಬರುತ್ತದೆ, ಆದರೆ ಎರಡು ದಿನಕ್ಕೊಮ್ಮೆ ‘ಆಫ್‌ಲೈನ್’ ಅನ್ನುತ್ತದೆ. ಮಗಳ ಮ್ಯಾಕ್‌ನಿಂದ ಪ್ರಿಂಟ್ ಕೊಟ್ಟರೆ ಹಾಳೆಗಟ್ಟಲೆ ಏನೇನೋ ಅಕ್ಷರ, ಚಿಹ್ನೆ ಬರುತ್ತವೆ. ಹಳೇ ಡೆಸ್ಕ್‌ಟಾಪಿಗೆ ಲಿನಕ್ಸ್ ಹಾಕಿದ್ದೇನೆ. ಅದಕ್ಕೆ ಪ್ರಿಂಟರ್ ಕಾಣುವುದೇ ಇಲ್ಲ. ಮೂರಕ್ಕೂ ಬೇರೆ ಬೇರೆ ಡ್ರೈವರ್ ಹುಡುಕಿ ಹಾಕಿ ಸುಸ್ತಾಗಿದ್ದೇನೆ. ಎಲ್ಲದಕ್ಕೂ ಹೊಂದುವ ಹೊಸ ಪ್ರಿಂಟರ್ ಕೊಳ್ಳಲೇಬೇಕಾ? ಇನ್ನೊಂದು ಹಳೇ ಯುಎಸ್‌ಬಿ ಪ್ರಿಂಟರ್ ಮೂಲೆಯಲ್ಲಿದೆ. ಅದರಿಂದ ಏನಾದರೂ ಉಪಯೋಗ ಇದೆಯಾ?

ಉತ್ತರ: ಸದ್ಯಕ್ಕೆ ಏನೂ ಕೊಳ್ಳಬೇಡಿ. ನಿಮ್ಮ ಪತ್ರದಲ್ಲಿ ಮೂರು ತೊಂದರೆ ಇವೆ ಅಂತ ನೀವು ಅಂದುಕೊಂಡಿದ್ದೀರಿ. ನನಗೆ ಕಾಣುವುದು ಎರಡೇ. ವಿಂಡೋಸ್ ‘ಆಫ್‌ಲೈನ್’ ಅನ್ನುವುದು, ಲಿನಕ್ಸ್‌ಗೆ ಪ್ರಿಂಟರ್ ಕಾಣದಿರುವುದು, ಇವೆರಡೂ ದಾರಿಯ ತೊಂದರೆ. ಕಂಪ್ಯೂಟರಿಗೆ ಪ್ರಿಂಟರ್ ಎಲ್ಲಿದೆ ಅಂತ ಸಿಗುತ್ತಿಲ್ಲ. ಮ್ಯಾಕ್‌ನದು ಭಾಷೆಯ ತೊಂದರೆ. ಅದಕ್ಕೆ ದಾರಿ ಸಿಕ್ಕಿದೆ, ಆದರೆ ಅದು ಆಡುವ ಮಾತು ಪ್ರಿಂಟರಿಗೆ ಅರ್ಥವಾಗುತ್ತಿಲ್ಲ. ಡ್ರೈವರ್ ಅಂದರೆ ಕಂಪ್ಯೂಟರಿನ ಮಾತನ್ನು ಪ್ರಿಂಟರಿನ ಭಾಷೆಗೆ ತಿರುಗಿಸುವ ಸಾಫ್ಟ್‌ವೇರ್, ಅಷ್ಟೇ. ದಾರಿ ತಪ್ಪಿದ್ದಕ್ಕೆ ಅದನ್ನು ಬದಲಾಯಿಸಿದರೆ ಏನೂ ಆಗುವುದಿಲ್ಲ. ನೀವು ಸುಸ್ತಾಗಿದ್ದು ಅದಕ್ಕೇ.

ಮ್ಯಾಕ್‌ನ ಹಾಳೆಯಿಂದಲೇ ಶುರು ಮಾಡೋಣ. ಅದರಲ್ಲಿ ಬೇಕಾದಷ್ಟು ಸುಳಿವಿದೆ. ಆ ಹಾಳೆಗಳನ್ನು ಇನ್ನೂ ಬಿಸಾಡಿಲ್ಲ ಅಂದರೆ ಮೊದಲನೆಯದನ್ನು ತೆಗೆದು ಮೇಲಿನ ಸಾಲು ನೋಡಿ. ಶೇಕಡಾ ಚಿಹ್ನೆ, ಅದರ ಪಕ್ಕ ಆಶ್ಚರ್ಯ ಚಿಹ್ನೆ, ಆಮೇಲೆ ‘ಪಿಎಸ್-ಅಡೋಬಿ’ ಅಂತ ಇಂಗ್ಲಿಷಿನಲ್ಲಿ ಇದೆಯಾ? ಹಾಗಿದ್ದರೆ ಮ್ಯಾಕ್ ಕಳಿಸಿದ್ದು ಪೋಸ್ಟ್‌ಸ್ಕ್ರಿಪ್ಟ್. ಅದು ಪುಟವನ್ನು ಹೇಗೆ ಬಿಡಿಸಬೇಕು ಅಂತ ಹೇಳುವ ಒಂದು ಪ್ರೋಗ್ರಾಂ. ಆ ಭಾಷೆ ಗೊತ್ತಿರುವ ಪ್ರಿಂಟರ್ ಅದನ್ನು ಓದಿ ಪುಟ ಬಿಡಿಸುತ್ತದೆ. ಗೊತ್ತಿಲ್ಲದ್ದು ಅದನ್ನು ಬರೀ ಅಕ್ಷರ ಅಂದುಕೊಂಡು ಪ್ರೋಗ್ರಾಮನ್ನೇ ಹಾಳೆಯ ಮೇಲೆ ಅಚ್ಚು ಹಾಕುತ್ತದೆ. ಅಡುಗೆ ಮಾಡು ಅಂತ ಚೀಟಿ ಕೊಟ್ಟರೆ ಚೀಟಿಯನ್ನೇ ತಟ್ಟೆಗೆ ಬಡಿಸಿದ ಹಾಗೆ. ಮೇಲಿನ ಸಾಲಿನಲ್ಲಿ ಇಮೇಲಿನಲ್ಲಿ ಬಳಸುವ ಅಟ್ ಚಿಹ್ನೆಯ ಪಕ್ಕ ‘ಪಿಜೆಎಲ್’ ಅಂತ ಇದ್ದರೆ ಅದು ಇನ್ನೊಂದು ಬಗೆಯ ಆದೇಶ. ಕಾಯಿಲೆ ಮಾತ್ರ ಅದೇ: ತಪ್ಪು ಮಾದರಿಯ ಡ್ರೈವರ್ ಹಾಕಿದ್ದೀರಿ.

ಹೀಗೇ ಒಂದು ಸಲ ನನ್ನಿಂದಲೂ ಆಗಿದೆ. ಒಂದು ಕಚೇರಿಯಲ್ಲಿ ‘ಹತ್ತಿರದ ಮಾದರಿ ಸಾಕು’ ಅಂತ ಯಾವುದೋ ಡ್ರೈವರ್ ಹಾಕಿ, ನಲವತ್ತು ಪುಟದ ವರದಿಗೆ ಪ್ರಿಂಟ್ ಕೊಟ್ಟು ಕಾಫಿ ಕುಡಿಯಲು ಹೋದೆ. ಬರುವಷ್ಟರಲ್ಲಿ ಟ್ರೇ ಖಾಲಿ. ಪ್ರತಿ ಹಾಳೆಯಲ್ಲೂ ಎರಡೋ ಮೂರೋ ಸಾಲು ಗೀಚು. ಪಾಪ, ಯಾರೋ ಹೊಸ ಕಟ್ಟು ತಂದು ತುಂಬಿದ್ದರು ಕೂಡ. ಹೀಗಾದಾಗ ಪ್ರಿಂಟರ್ ಆಫ್ ಮಾಡಿ ಆನ್ ಮಾಡಿದರೆ ಸಾಲದು. ಬಾಕಿ ಕೆಲಸ ಕಂಪ್ಯೂಟರಿನ ಸರತಿಯಲ್ಲಿ ಕೂತಿರುತ್ತದೆ. ಪ್ರಿಂಟರ್ ಎದ್ದ ತಕ್ಷಣ ಮತ್ತೆ ಶುರು. ಮೊದಲು ಕಂಪ್ಯೂಟರಿನಲ್ಲಿ ಸರತಿ ಖಾಲಿ ಮಾಡಿ, ಆಮೇಲೆ ಪ್ರಿಂಟರಿನ ಕರೆಂಟ್ ತೆಗೆಯಿರಿ.

ಇಷ್ಟೊಂದು ಭಾಷೆ ಯಾಕೆ ಬೇಕಿತ್ತು ಅಂತ ನೀವು ಕೇಳಬಹುದು. ಅಡೋಬಿಯ ಪೋಸ್ಟ್‌ಸ್ಕ್ರಿಪ್ಟ್ ಬಂದದ್ದು 1984ರಲ್ಲಿ. ಮರುವರ್ಷ ಆಪಲ್‌ನ ಲೇಸರ್‌ರೈಟರ್ ಪ್ರಿಂಟರಿನಲ್ಲಿ ಅದು ಕೂತಿತು. ಎಚ್‌ಪಿ ತನ್ನ ಲೇಸರ್‌ಜೆಟ್‌ಗಳಿಗೆ ಪಿಸಿಎಲ್ ಅನ್ನುವ ಬೇರೆಯದೇ ಭಾಷೆ ಇಟ್ಟುಕೊಂಡಿತು. ಇವೆರಡಕ್ಕೂ ಪ್ರಿಂಟರಿನೊಳಗೆ ತಕ್ಕಮಟ್ಟಿಗೆ ಬುದ್ಧಿ ಬೇಕು, ಅಂದರೆ ಪ್ರೊಸೆಸರ್ ಬೇಕು, ಮೆಮೊರಿ ಬೇಕು. ಅಗ್ಗದ ಪ್ರಿಂಟರ್ ಮಾಡುವವರು ಆ ಖರ್ಚನ್ನೇ ಕತ್ತರಿಸಿದರು. ಪುಟವನ್ನು ಚುಕ್ಕಿಗಳಾಗಿ ಬಿಡಿಸುವ ಕೆಲಸ ಕಂಪ್ಯೂಟರ್ ಮಾಡಲಿ, ಪ್ರಿಂಟರ್ ಬರೀ ಚುಕ್ಕಿ ಒತ್ತಲಿ ಅಂದರು. ಒಂದು ಎ4 ಪುಟ 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಅಂದರೆ ಅಡ್ಡಕ್ಕೆ ಸುಮಾರು 4,960 ಚುಕ್ಕಿ, ಉದ್ದಕ್ಕೆ 7,016. ಒಟ್ಟು ಮೂರೂವರೆ ಕೋಟಿಯ ಹತ್ತಿರ. ಅಷ್ಟನ್ನೂ ಹಿಂಡಿ ಮಡಚಿ, ತಮಗೊಬ್ಬರಿಗೇ ಗೊತ್ತಿರುವ ಗುಟ್ಟಿನ ರೂಪದಲ್ಲಿ ಕಳಿಸುವ ಡ್ರೈವರ್ ಬರೆದರು. ಬರೆದದ್ದು ಹೆಚ್ಚಾಗಿ ವಿಂಡೋಸ್‌ಗೆ. ಮ್ಯಾಕ್‌ಗೆ ಸಿಕ್ಕರೆ ಪುಣ್ಯ. ಲಿನಕ್ಸ್‌ನವರು ತಾವೇ ಗುಟ್ಟು ಬಿಡಿಸಿಕೊಳ್ಳಬೇಕಾಯಿತು.

ಆ ಜಗಳ ಹಳೆಯದು. 1980ರ ಸುಮಾರಿಗೆ ಎಂಐಟಿಯ ಪ್ರಯೋಗಾಲಯವೊಂದಕ್ಕೆ ಜೆರಾಕ್ಸ್ ಕೊಟ್ಟ ಲೇಸರ್ ಪ್ರಿಂಟರ್ ಬಂತು. ಹಾಳೆ ಸಿಕ್ಕಿಕೊಂಡರೆ ಎಲ್ಲರಿಗೂ ಸುದ್ದಿ ಹೋಗುವಂತೆ ಅದರ ಸಾಫ್ಟ್‌ವೇರ್ ತಿದ್ದೋಣ ಅಂದರೆ ಮೂಲ ಕೋಡ್ ಸಿಗಲಿಲ್ಲ. ಅಲ್ಲಿದ್ದ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್‌ಮನ್ ಮುಂದೆ 1983ರಲ್ಲಿ, ಮೂಲ ಕೋಡ್ ಎಲ್ಲರಿಗೂ ಸಿಗಬೇಕು ಅನ್ನುವ ಗ್ನೂ ಯೋಜನೆ ಘೋಷಿಸಿದರಲ್ಲ (ಇವತ್ತಿನ ಲಿನಕ್ಸ್‌ನಲ್ಲೂ ಅದರ ಭಾಗಗಳಿವೆ), ಅವರು ಆ ಸಿಟ್ಟಿನ ಕತೆಯನ್ನು ಹಲವು ಸಲ ಹೇಳಿದ್ದಾರೆ. ನಿಮ್ಮ ಡೆಸ್ಕ್‌ಟಾಪಿನ ಲಿನಕ್ಸ್‌ಗೂ ಕೈಕೊಟ್ಟ ಪ್ರಿಂಟರಿಗೂ ನಂಟು ಇವತ್ತಿನದಲ್ಲ.

ಇರಲಿ. ಈಗಿನ ಸಮಾಧಾನದ ಸುದ್ದಿಗೆ ಬರೋಣ. ಅದರ ಹೆಸರು ಐಪಿಪಿ, ಇಂಟರ್‌ನೆಟ್ ಪ್ರಿಂಟಿಂಗ್ ಪ್ರೋಟೋಕಾಲ್. 1999ರಲ್ಲಿ ಮೊದಲ ರೂಪ ಬಂತು. ಇದರಲ್ಲಿ ಕಂಪ್ಯೂಟರ್ ಊಹೆ ಮಾಡುವುದಿಲ್ಲ, ಪ್ರಿಂಟರನ್ನೇ ಕೇಳುತ್ತದೆ. ನಿನಗೆ ಪಿಡಿಎಫ್ ಅರ್ಥವಾಗುತ್ತಾ? ಜೆಪೆಗ್? ಎರಡೂ ಬದಿ ಪ್ರಿಂಟ್ ಮಾಡ್ತೀಯಾ? ಟ್ರೇಯಲ್ಲಿ ಯಾವ ಅಳತೆಯ ಹಾಳೆ ಇದೆ? ಪ್ರಿಂಟರ್ ಉತ್ತರ ಕೊಡುತ್ತದೆ, ಕಂಪ್ಯೂಟರ್ ಅದಕ್ಕೆ ತಕ್ಕ ಹಾಗೆ ಕಳಿಸುತ್ತದೆ. ಹೀಗೆ ಮಾತು ನಡೆದರೆ ಮಾದರಿಗೊಂದು ಡ್ರೈವರ್ ಯಾಕೆ ಬೇಕು? ಬೇಡ.

2010ರಲ್ಲಿ ಆಪಲ್ ಏರ್‌ಪ್ರಿಂಟ್ ಅಂತ ತಂದದ್ದು ಇದೇ ಐಪಿಪಿಯ ಮೇಲೆ. ಫೋನಿಗೆ ಡ್ರೈವರ್ ಹಾಕಲು ಆಗುವುದಿಲ್ಲವಲ್ಲ, ಹಾಗಾಗಿ ಪ್ರಿಂಟರ್ ಕಂಪನಿಗಳೆಲ್ಲ ಒಂದೇ ಮಾತು ಕಲಿಯಬೇಕಾಯಿತು. 2013ರಲ್ಲಿ ಐಪಿಪಿ ಎವ್ರಿವೇರ್ ಅನ್ನುವ ಮಾನಕ ಬಂತು. ಅದೇ ವರ್ಷ ಆಂಡ್ರಾಯ್ಡ್ ಕಡೆಯವರಿಗಾಗಿ ಮೋಪ್ರಿಯಾ ಅನ್ನುವ ಒಕ್ಕೂಟ ಹುಟ್ಟಿತು. ಹೆಸರು ಮೂರು, ಅಡಿಪಾಯ ಒಂದೇ. ನನ್ನ ಮಟ್ಟಿಗೆ, ಪ್ರಿಂಟರ್‌ಗಳನ್ನು ಸರಿದಾರಿಗೆ ತಂದದ್ದು ಕಂಪ್ಯೂಟರುಗಳಲ್ಲ, ಫೋನುಗಳು.

ಮ್ಯಾಕ್ ಮತ್ತು ಲಿನಕ್ಸ್ ಈ ವಿಷಯದಲ್ಲಿ ಅಣ್ಣತಮ್ಮಂದಿರು. ಎರಡರ ಒಳಗೂ ಪ್ರಿಂಟ್ ಕೆಲಸ ನೋಡಿಕೊಳ್ಳುವುದು ಕಪ್ಸ್ ಅನ್ನುವ ಸಾಫ್ಟ್‌ವೇರ್. ಮೈಕಲ್ ಸ್ವೀಟ್ ಬರೆದದ್ದು. ಮ್ಯಾಕ್ 2002ರಿಂದ ಅದನ್ನೇ ಬಳಸುತ್ತಿದೆ. ವಿಂಡೋಸ್ ತಡವಾಗಿ ಬಂತು, ಆದರೆ ಬಂದಿದೆ. 2023ರ ಸೆಪ್ಟೆಂಬರಿನಲ್ಲಿ ಮೈಕ್ರೋಸಾಫ್ಟ್, ಬೇರೆ ಕಂಪನಿಗಳ ಪ್ರಿಂಟರ್ ಡ್ರೈವರುಗಳನ್ನು ವಿಂಡೋಸ್ ಅಪ್‌ಡೇಟ್ ಮೂಲಕ ಕೊಡುವುದನ್ನು ಹಂತಹಂತವಾಗಿ ನಿಲ್ಲಿಸುತ್ತೇವೆ ಅಂತ ಹೇಳಿತು. ಅದರ ಬದಲಿಗೆ ಒಂದೇ ಐಪಿಪಿ ಡ್ರೈವರ್. 2021ರ ಜುಲೈನಲ್ಲಿ ಬಯಲಿಗೆ ಬಂದ ಪ್ರಿಂಟ್‌ನೈಟ್‌ಮೇರ್ ಅನ್ನುವ ಭದ್ರತಾ ತೂತು ನೆನಪಿದೆಯಾ? ಡ್ರೈವರ್ ಹಾಕುವ ದಾರಿಯಲ್ಲೇ ಕಳ್ಳರು ನುಗ್ಗಬಹುದಿತ್ತು. ಅದಾದ ಮೇಲೆ ಡ್ರೈವರ್ ಹಾಕಲು ವಿಂಡೋಸ್ ಜಾಸ್ತಿ ಬಿಗಿ ಮಾಡಿತು. ‘ಅಡ್ಮಿನ್ ಅನುಮತಿ ಬೇಕು’ ಅಂತ ಕಾಡುವುದು ಅದಕ್ಕೇ.

ಈಗ ನಿಮ್ಮ ಮನೆಗೆ. ಯಾವ ಕಂಪ್ಯೂಟರನ್ನೂ ಮುಟ್ಟುವ ಮೊದಲು ಪ್ರಿಂಟರಿನ ಹತ್ತಿರ ಹೋಗಿ. ಅದರ ಮೆನುವಿನಿಂದ ನೆಟ್‌ವರ್ಕ್ ವರದಿ ಅಥವಾ ಕಾನ್ಫಿಗರೇಶನ್ ಪುಟ ಅನ್ನುವುದನ್ನು ಪ್ರಿಂಟ್ ಮಾಡಿ. ಪರದೆ ಇಲ್ಲದ ಪ್ರಿಂಟರಾದರೆ ಯಾವುದೋ ಒಂದು ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿಯಬೇಕಾಗುತ್ತದೆ. ಯಾವುದು ಅಂತ ಕೈಪಿಡಿಯಲ್ಲಿ ಇರುತ್ತದೆ. ಆ ಹಾಳೆಯಲ್ಲಿ ಐಪಿ ಅಡ್ರೆಸ್, ಅಂದರೆ ನೆಟ್‌ವರ್ಕಿನಲ್ಲಿ ಪ್ರಿಂಟರಿನ ವಿಳಾಸ ಇದೆ, 192.168.1.50 ತರಹದ್ದು. ಅದನ್ನು ಯಾವುದಾದರೂ ಬ್ರೌಸರಿನಲ್ಲಿ ಹಾಕಿ. ಹೆಚ್ಚಿನ ನೆಟ್‌ವರ್ಕ್ ಪ್ರಿಂಟರುಗಳು ತಮ್ಮದೇ ಒಂದು ಪುಟ ತೋರಿಸುತ್ತವೆ. ಅಲ್ಲಿ ಏರ್‌ಪ್ರಿಂಟ್, ಐಪಿಪಿ ಅಂತ ಹುಡುಕಿ, ಆಫ್ ಇದ್ದರೆ ಆನ್ ಮಾಡಿ. ಎಷ್ಟೋ ಜನ ಇದೊಂದನ್ನು ನೋಡದೆ ವಾರಗಟ್ಟಲೆ ಒದ್ದಾಡುವುದನ್ನು ಕಂಡಿದ್ದೇನೆ.

ಆಮೇಲೆ ವೈ-ಫೈ ರೌಟರಿನಲ್ಲಿ ಆ ವಿಳಾಸವನ್ನು ಪ್ರಿಂಟರಿಗೇ ಕಾಯ್ದಿರಿಸಿ. ರೌಟರಿನಲ್ಲಿ ಇದಕ್ಕೆ ಡಿಎಚ್‌ಸಿಪಿ ರಿಸರ್ವೇಶನ್ ಅನ್ನುತ್ತಾರೆ. ನಿಮ್ಮ ವಿಂಡೋಸಿನ ‘ಆಫ್‌ಲೈನ್’ ಕಾಯಿಲೆಗೆ ಅರ್ಧ ಮದ್ದು ಇದೇ. ಈಗ ಆಗುತ್ತಿರುವುದು ಬಹುಶಃ ಹೀಗೆ: ಪ್ರಿಂಟರ್ ಮಲಗಿ ಎದ್ದಾಗ ಅಥವಾ ಕರೆಂಟ್ ಹೋಗಿ ಬಂದಾಗ ರೌಟರ್ ಬೇರೆ ವಿಳಾಸ ಕೊಡುತ್ತದೆ. ವಿಂಡೋಸ್ ಹಳೇ ಬಾಗಿಲನ್ನೇ ತಟ್ಟುತ್ತಾ ಕೂತಿರುತ್ತದೆ.

ಇನ್ನರ್ಧ ಮದ್ದು ವಿಂಡೋಸಿನೊಳಗೇ ಇದೆ. ಪ್ರಿಂಟರಿನ ಪ್ರಾಪರ್ಟೀಸ್‌ನಲ್ಲಿ ಪೋರ್ಟ್ಸ್ ಅನ್ನುವ ಟ್ಯಾಬ್ ತೆರೆಯಿರಿ. ಪೋರ್ಟಿನ ಹೆಸರು ಡಬ್ಲ್ಯುಎಸ್‌ಡಿ ಅಂತ ಶುರುವಾಗಿದ್ದರೆ ನನಗೆ ಅದರ ಮೇಲೆ ಮೊದಲಿಂದಲೂ ನಂಬಿಕೆ ಇಲ್ಲ. ತಾನಾಗಿಯೇ ಪ್ರಿಂಟರ್ ಹುಡುಕುವ ಏರ್ಪಾಡು ಅದು, ತಾನಾಗಿಯೇ ಕಳೆದುಕೊಳ್ಳುತ್ತದೆ ಕೂಡ. ಆ ಪ್ರಿಂಟರನ್ನು ತೆಗೆದುಹಾಕಿ. ಹೊಸದಾಗಿ ಸೇರಿಸುವಾಗ ‘ಮ್ಯಾನುವಲ್ ಆಗಿ ಸೇರಿಸಿ’ ಅನ್ನುವುದನ್ನು ಆರಿಸಿ, ಐಪಿ ಅಡ್ರೆಸ್ ಕೊಡಿ, ಸಾಧನದ ಬಗೆ ಕೇಳಿದಲ್ಲಿ ಐಪಿಪಿ ಡಿವೈಸ್ ಅನ್ನಿ. ಕಾರಣವೇನೋ ಇದ್ದು ಹಳೇ ಟಿಸಿಪಿ/ಐಪಿ ಪೋರ್ಟನ್ನೇ ಬಳಸುವುದಾದರೆ, ಪೋರ್ಟಿನ ಸೆಟ್ಟಿಂಗಿನಲ್ಲಿ ‘ಎಸ್‌ಎನ್‌ಎಂಪಿ ಸ್ಟೇಟಸ್’ ಅನ್ನುವ ಟಿಕ್ ತೆಗೆಯಿರಿ. ವಿಂಡೋಸ್ ಆ ದಾರಿಯಲ್ಲಿ ‘ಹೇಗಿದ್ದೀಯಾ’ ಅಂತ ಕೇಳಿ, ಪ್ರಿಂಟರ್ ಉತ್ತರ ಕೊಡದಿದ್ದರೆ ಸುಮ್ನೆ ಆಫ್‌ಲೈನ್ ಅಂತ ತೀರ್ಮಾನ ಮಾಡಿಬಿಡುತ್ತದೆ. ಪ್ರಿಂಟರ್ ಪಕ್ಕದಲ್ಲೇ ಹಸಿರು ದೀಪ ಹೊತ್ತಿಸಿಕೊಂಡು ಕಾಯುತ್ತಿರುತ್ತದೆ.

ಮ್ಯಾಕ್‌ನಲ್ಲಿ ಕೆಲಸ ಚಿಕ್ಕದು. ಪಟ್ಟಿಯಿಂದ ಪ್ರಿಂಟರನ್ನು ಅಳಿಸಿ, ಮತ್ತೆ ಸೇರಿಸಿ. ಸೇರಿಸುವ ಕಿಟಕಿಯ ಕೆಳಗೆ ‘ಯೂಸ್’ ಅಂತ ಒಂದು ಆಯ್ಕೆ ಇದೆ. ಅವಸರದಲ್ಲಿ ಯಾರೂ ಅದನ್ನು ನೋಡುವುದಿಲ್ಲ. ಅಲ್ಲಿ ಏರ್‌ಪ್ರಿಂಟ್ ಅಂತ ಇರಬೇಕು. ಜೆನೆರಿಕ್ ಪೋಸ್ಟ್‌ಸ್ಕ್ರಿಪ್ಟ್ ಅಂತ ಇತ್ತು ಅಂದರೆ ನಿಮ್ಮ ಗೀಚಿನ ಹಾಳೆಗಳಿಗೆ ಕಾರಣ ಸಿಕ್ಕಂತೆ. ಪ್ರಿಂಟರ್ ಪಟ್ಟಿಯಲ್ಲೇ ಬರದಿದ್ದರೆ ಗ್ಲೋಬ್ ಚಿತ್ರದ ಟ್ಯಾಬಿಗೆ ಹೋಗಿ ಐಪಿ ಅಡ್ರೆಸ್ ಹಾಕಿ, ಪ್ರೋಟೋಕಾಲ್ ಕೇಳುವಲ್ಲೂ ಏರ್‌ಪ್ರಿಂಟ್ ಆರಿಸಿ.

ಲಿನಕ್ಸ್‌ಗೆ ಪ್ರಿಂಟರ್ ಕಾಣದಿರುವುದಕ್ಕೆ ಸ್ವಲ್ಪ ಬಿಡಿಸಿ ಹೇಳಬೇಕು. ಪ್ರಿಂಟರ್ ‘ನಾನು ಇಲ್ಲಿದ್ದೇನೆ’ ಅಂತ ನೆಟ್‌ವರ್ಕಿನಲ್ಲಿ ಕೂಗುತ್ತಿರುತ್ತದೆ. ಎಂಡಿಎನ್‌ಎಸ್ ಅನ್ನುವ ಪದ್ಧತಿ ಅದು, ಆಪಲ್‌ನವರು ಅದಕ್ಕೆ ಬೋಂಜೂರ್ ಅಂತ ಹೆಸರಿಟ್ಟಿದ್ದಾರೆ. ಕೂಗುವುದು ಯುಡಿಪಿ 5353 ಪೋರ್ಟಿನಲ್ಲಿ, ಅಂದರೆ ನೆಟ್‌ವರ್ಕಿನ ಆ ಸಂಖ್ಯೆಯ ಬಾಗಿಲಲ್ಲಿ. ಆ ಕೂಗು ಒಂದೇ ನೆಟ್‌ವರ್ಕಿನ ಗೋಡೆಯೊಳಗೆ ಮಾತ್ರ ಕೇಳುತ್ತದೆ. ಹಾಗಾಗಿ ಮೂರು ಕಡೆ ನೋಡಿ. ಡೆಸ್ಕ್‌ಟಾಪ್ ಮತ್ತು ಪ್ರಿಂಟರ್ ಒಂದೇ ವೈ-ಫೈ ಹೆಸರಿನಲ್ಲಿ ಇವೆಯಾ, ಅಥವಾ ಒಂದು ಗೆಸ್ಟ್ ನೆಟ್‌ವರ್ಕಿಗೆ ಸೇರಿಕೊಂಡಿದೆಯಾ? ಗೆಸ್ಟ್ ಇರುವುದೇ ಒಬ್ಬರಿಗೊಬ್ಬರು ಕಾಣದಿರಲಿ ಅಂತ. ಎರಡನೆಯದು ಲಿನಕ್ಸಿನ ಫೈರ್‌ವಾಲ್. ಅದು 5353ನ್ನು ತಡೆದಿದ್ದರೆ ಕೂಗು ಕಿವಿಗೆ ಬೀಳುವುದಿಲ್ಲ. ಮೂರನೆಯದು ವಿಪಿಎನ್, ಅಂದರೆ ಕಂಪ್ಯೂಟರನ್ನು ದೂರದ ಇನ್ನೊಂದು ನೆಟ್‌ವರ್ಕಿಗೆ ಸೇರಿಸುವ ಖಾಸಗಿ ದಾರಿ. ಕಚೇರಿಯ ವಿಪಿಎನ್ ಹಾಕಿಕೊಂಡ ಕ್ಷಣ ಮನೆಯ ಪ್ರಿಂಟರ್ ಮಾಯವಾಗುವುದು ಮಾಮೂಲಿ, ಅದು ಲಿನಕ್ಸ್ ಒಂದಕ್ಕೇ ಅಲ್ಲ.

ಕೂಗು ಕೇಳದಿದ್ದರೂ ಚಿಂತೆಯಿಲ್ಲ, ವಿಳಾಸ ಗೊತ್ತಿದೆಯಲ್ಲ. ಲಿನಕ್ಸಿನ ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ ಅಂತ ಬರೆದು, ಕೋಲನ್ ಹಾಕಿ 631 ಅಂದರೆ ಕಪ್ಸ್ ತನ್ನ ಪುಟ ತೆರೆಯುತ್ತದೆ. 631 ಐಪಿಪಿಯ ಪೋರ್ಟ್. ಅಲ್ಲಿ ಹೊಸ ಪ್ರಿಂಟರ್ ಸೇರಿಸಿ, ಐಪಿಪಿ ದಾರಿ ಆರಿಸಿ, ವಿಳಾಸದ ಕೊನೆಗೆ ‘ಐಪಿಪಿ/ಪ್ರಿಂಟ್’ ಅಂತ ಸೇರಿಸಿ, ಇಂಗ್ಲಿಷ್ ಚಿಕ್ಕಕ್ಷರದಲ್ಲಿ. ಮಾದರಿ ಕೇಳಿದಲ್ಲಿ ಐಪಿಪಿ ಎವ್ರಿವೇರ್ ಅನ್ನುವುದನ್ನು ಆರಿಸಿ. ಲಿನಕ್ಸಿನ ಬಗೆಗಳಾದ ಈಚಿನ ಉಬುಂಟು, ಡೆಬಿಯನ್‌ಗಳಲ್ಲಿ ಯುಎಸ್‌ಬಿ ವೈರ್ ಚುಚ್ಚಿದರೂ ಇದೇ ಐಪಿಪಿ ಮಾತು ನಡೆಯುತ್ತದೆ. ಆದರೆ ಪ್ರಿಂಟರಿಗೆ ಅದು ಬರುತ್ತಿರಬೇಕು.

ಪ್ರಿಂಟರಿಗೆ ಐಪಿಪಿಯೇ ಬರುವುದಿಲ್ಲ ಅಂದರೆ? ಅಲ್ಲಿಗೆ ನಿಮ್ಮ ಮೂಲೆಯ ಯುಎಸ್‌ಬಿ ಪ್ರಿಂಟರ್ ಬಂತು. ಅದರ ಮಾದರಿ ನೀವು ಬರೆದಿಲ್ಲ. ಹಳೇ ಅಗ್ಗದ ಲೇಸರ್ ಆಗಿದ್ದರೆ ಮೇಲೆ ಹೇಳಿದ ಗುಟ್ಟಿನ ಭಾಷೆಯದೇ ಇರಬಹುದು. ಎಚ್‌ಪಿ ಲೇಸರ್‌ಜೆಟ್ 1020ರಂಥವು ಇನ್ನೂ ಒಂದು ಹೆಜ್ಜೆ ಮುಂದೆ. ಅದಕ್ಕೆ ಬೇಕಾದ ಫರ್ಮ್‌ವೇರ್, ಅಂದರೆ ಪ್ರಿಂಟರನ್ನು ಒಳಗಿನಿಂದ ನಡೆಸುವ ಸಾಫ್ಟ್‌ವೇರ್ ಕೂಡ ಅದರೊಳಗೆ ಉಳಿಯುವುದಿಲ್ಲ. ಪ್ರತಿ ಸಲ ಆನ್ ಮಾಡಿದಾಗ ಕಂಪ್ಯೂಟರ್ ಅದನ್ನು ಹೊಸದಾಗಿ ತುಂಬಬೇಕು. ದಿನಾ ಬೆಳಿಗ್ಗೆ ಎದ್ದು ತನ್ನ ಹೆಸರನ್ನೂ ಬೇರೆಯವರಿಂದ ಕೇಳಿ ತಿಳಿಯುವ ಮನುಷ್ಯನ ಹಾಗೆ.

ಅಂಥದ್ದಕ್ಕೆ ಒಬ್ಬ ದುಭಾಷಿ ಬೇಕು. ನಿಮ್ಮ ಲಿನಕ್ಸ್ ಡೆಸ್ಕ್‌ಟಾಪೇ ಆ ಕೆಲಸ ಮಾಡುತ್ತದೆ. ಸದಾ ಆನ್ ಇಡಲು ಅದು ದೊಡ್ಡದಾಯಿತು ಅನಿಸಿದರೆ ರಾಸ್ಪ್‌ಬೆರಿ ಪೈ ತರಹದ ಅಂಗೈ ಅಗಲದ ಕಂಪ್ಯೂಟರ್ ಸಾಕು. ಪ್ರಿಂಟರನ್ನು ಅದಕ್ಕೆ ಯುಎಸ್‌ಬಿಯಲ್ಲಿ ಜೋಡಿಸಿ, ಸರಿಯಾದ ಲಿನಕ್ಸ್ ಡ್ರೈವರ್ ಹಾಕಿ, ಕಪ್ಸ್‌ನಲ್ಲಿ ಪ್ರಿಂಟರುಗಳನ್ನು ಹಂಚಿಕೊಳ್ಳುವ ಟಿಕ್ ಹಾಕಿ. ಇಲ್ಲಿ ಒಂದು ಎಡವಟ್ಟಿದೆ: ಟಿಕ್ ಎರಡು ಕಡೆ ಬೇಕು. ಅಡ್ಮಿನಿಸ್ಟ್ರೇಶನ್ ಪುಟದಲ್ಲಿ ಒಟ್ಟಾರೆ ಹಂಚಿಕೆಗೆ ಒಂದು, ಆ ಪ್ರಿಂಟರಿಗೇ ಇನ್ನೊಂದು. ಒಂದನ್ನು ಮರೆತರೂ ಯಾರಿಗೂ ಕಾಣುವುದಿಲ್ಲ. ಎರಡೂ ಹಾಕಿದರೆ ಆ ಮುದಿ ಪ್ರಿಂಟರ್ ಐಫೋನಿನ ಪಟ್ಟಿಯಲ್ಲೂ ಏರ್‌ಪ್ರಿಂಟ್ ಪ್ರಿಂಟರಿನ ಹಾಗೆ ಬಂದು ನಿಲ್ಲುತ್ತದೆ. ಮೊದಲ ಸಲ ನೋಡಿದಾಗ ನನಗೆ ನಗು ಬಂದಿತ್ತು.

ಆದರೆ ಒಂದು ಎಚ್ಚರ. ಪೈನಲ್ಲಿರುವುದು ಆರ್ಮ್ ಪ್ರೊಸೆಸರ್. ಡ್ರೈವರಿನ ಮೂಲ ಕೋಡ್ ಬಯಲಲ್ಲಿದ್ದರೆ ತೊಂದರೆಯಿಲ್ಲ. ಕಂಪನಿ ಸಿದ್ಧ ಫೈಲ್ ಮಾತ್ರ ಕೊಟ್ಟಿದ್ದು, ಅದೂ ಇಂಟೆಲ್ ಬಗೆಯ ಪ್ರೊಸೆಸರಿಗೆ ಮಾತ್ರ ಅಂದರೆ ಅಲ್ಲಿ ಓಡುವುದಿಲ್ಲ. ಕೊಳ್ಳುವ ಮೊದಲು ನೋಡಿಕೊಳ್ಳಿ. ಆರ್ಮ್ ಚಿಪ್ಪಿನ ವಿಂಡೋಸ್ ಲ್ಯಾಪ್‌ಟಾಪ್ ತೆಗೆದುಕೊಂಡವರಿಗೂ ಇದೇ ಮಾತು. ಸಾಮಾನ್ಯ ಪ್ರೋಗ್ರಾಮುಗಳನ್ನು ಅದು ಹೇಗೋ ಅನುವಾದ ಮಾಡಿ ಓಡಿಸುತ್ತದೆ, ಪ್ರಿಂಟರ್ ಡ್ರೈವರನ್ನು ಓಡಿಸುವುದಿಲ್ಲ.

ಎಲ್ಲ ಸರಿಯಾಗಿ, ಪ್ರಿಂಟ್ ಕೊಟ್ಟು, ಸರತಿಯಲ್ಲಿ ಕೆಲಸ ಹೋದರೂ ಪ್ರಿಂಟರ್ ಬರೀ ದೀಪ ಮಿಟುಕಿಸುತ್ತಾ ನಿಂತರೆ ಹಾಳೆಯ ಅಳತೆ ನೋಡಿ. ಹೊಸದಾಗಿ ಸೇರಿಸಿದ ಪ್ರಿಂಟರಿಗೆ ಕೆಲವು ಸಲ ಅಮೆರಿಕದ ಲೆಟರ್ ಅಳತೆ ತಾನಾಗಿ ಕೂತಿರುತ್ತದೆ. ಅದು 216 ಮಿ.ಮೀ. ಅಗಲ, 279 ಎತ್ತರ. ಟ್ರೇಯಲ್ಲಿರುವ ಎ4 ಅಂದರೆ 210, 297. ಪ್ರಿಂಟರ್ ತನಗೆ ಬೇಕಾದ ಹಾಳೆಗಾಗಿ ಕಾಯುತ್ತಿದೆ, ನೀವು ಡ್ರೈವರನ್ನು ಬೈಯುತ್ತಿದ್ದೀರಿ.

ಕನ್ನಡದಲ್ಲಿ ಪ್ರಿಂಟ್ ಮಾಡುವವರಿಗೆ ಇನ್ನೊಂದು ಮಾತು. ಒತ್ತಕ್ಷರ ಪಕ್ಕಕ್ಕೆ ಜಾರಿದರೆ, ಅಕ್ಷರದ ಜಾಗದಲ್ಲಿ ಚೌಕ ಬಂದರೆ ಪ್ರಿಂಟರನ್ನು ಬಿಟ್ಟುಬಿಡಿ, ಅಕ್ಷರಶೈಲಿಯನ್ನು ಹಿಡಿಯಿರಿ. ವಿಂಡೋಸಿನಲ್ಲಿ ಬರೆದ ಕಡತವನ್ನು ಅಲ್ಲಿಯೇ ಪಿಡಿಎಫ್ ಮಾಡಿ, ಆ ಪಿಡಿಎಫ್ ಅನ್ನು ಬೇರೆ ಕಂಪ್ಯೂಟರಿನಿಂದ ಪ್ರಿಂಟ್ ಮಾಡಿ. ಫಾಂಟ್ ಒಳಗೇ ಸೇರಿಕೊಂಡಿರುತ್ತದೆ. ಆಗಲೂ ಹಟ ಹಿಡಿದರೆ ಅಡೋಬಿ ರೀಡರಿನ ಪ್ರಿಂಟ್ ಕಿಟಕಿಯಲ್ಲಿ ಅಡ್ವಾನ್ಸ್ಡ್ ಒಳಗೆ ‘ಪ್ರಿಂಟ್ ಆ್ಯಸ್ ಇಮೇಜ್’ ಅಂತ ಇದೆ. ಪುಟವನ್ನು ಚಿತ್ರ ಮಾಡಿ ಕಳಿಸುತ್ತದೆ. ನಿಧಾನ, ಆದರೆ ಒತ್ತು ಅಲುಗಾಡುವುದಿಲ್ಲ.

ಡ್ರೈವರ್ ಪೂರ್ತಿ ಬೇಡವೇ ಬೇಡ ಅಂತಲ್ಲ. ಹಾಳೆಗೆ ಪಿನ್ ಹೊಡೆಯುವುದು, ಗುಪ್ತ ಸಂಖ್ಯೆ ಒತ್ತಿದ ಮೇಲೆ ಮಾತ್ರ ಪ್ರಿಂಟ್ ಬಿಡುವುದು, ಬಣ್ಣವನ್ನು ನಯವಾಗಿ ಹೊಂದಿಸುವುದು, ಇಂಥವು ಬೇಕಾದರೆ ಕಂಪನಿಯ ಡ್ರೈವರ್ ಈಗಲೂ ಮೇಲು. ಮನೆಯ ಕೆಲಸಕ್ಕೆ ಅವು ಯಾಕೆ? ಸ್ಕ್ಯಾನರ್ ಕೂಡ ಇರುವ ಪ್ರಿಂಟರಾದರೆ ಇಎಸ್‌ಸಿಎಲ್ ಅನ್ನುವ, ಡ್ರೈವರ್ ಬೇಡದ ಇಂಥದ್ದೇ ದಾರಿ ಸ್ಕ್ಯಾನಿಂಗಿಗೂ ಇದೆ. ಮುಂದೆಂದಾದರೂ ಹೊಸದು ಕೊಳ್ಳುವ ದಿನ ಬಂದರೆ ಡಬ್ಬದ ಮೇಲೆ ವಿಂಡೋಸ್, ಮ್ಯಾಕ್ ಅಂತ ಬರೆದಿರುವುದನ್ನು ಬಿಟ್ಟು ಏರ್‌ಪ್ರಿಂಟ್ ಅಥವಾ ಮೋಪ್ರಿಯಾ ಇದೆಯಾ ನೋಡಿ. ಅದಿದ್ದರೆ ಲಿನಕ್ಸ್‌ಗೂ ಸಾಮಾನ್ಯವಾಗಿ ನಡೆಯುತ್ತದೆ, ಡಬ್ಬದ ಮೇಲೆ ಅದರ ಹೆಸರೇ ಇಲ್ಲದಿದ್ದರೂ.

ಮೊದಲು ರೌಟರಿನ ಕೆಲಸ ಮುಗಿಸಿ, ಆಮೇಲೆ ಮ್ಯಾಕ್. ಆಗಲೂ ಗೀಚೇ ಬಂದರೆ ಮೊದಲ ಹಾಳೆಯ ಮೇಲಿನ ಎರಡು ಸಾಲು, ಪ್ರಿಂಟರಿನ ಹಿಂಬದಿಯಲ್ಲಿರುವ ಪೂರ್ತಿ ಮಾದರಿ ಸಂಖ್ಯೆ, ಇಷ್ಟನ್ನು ಬರೆದು ಕಳಿಸಿ. ಹಳೇ ಯುಎಸ್‌ಬಿಯದರ ಮಾದರಿಯನ್ನೂ ಸೇರಿಸಿ. ಅದಕ್ಕೆ ಯಾವ ಡ್ರೈವರ್ ಅಂತ ಆಗ ಹೇಳುತ್ತೇನೆ.